ಆಫೀಸಿನಲ್ಲಿ ನಾನಿಲ್ಲದ ದಿನ

ನಾವು ಸತ್ತ ಮೇಲೆ ಯಾರು ಯಾರು ಎಷ್ಟೆಷ್ಟು ಅಳುತ್ತಾರೆ ಎಂದು ಒಂದು ಸಲ ಮರೆಯಲ್ಲಿ ನಿಂತು ನೋಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ನನ್ನ ಕಲ್ಪನೆಯಲ್ಲಿ ಆ ದೃಶ್ಯ ಬಹಳ ವರ್ಷಗಳಿಂದ ಸಿದ್ಧವಾಗಿತ್ತು. ನನ್ನ ಸ್ಕೂಟರಿಗೆ ಎಂದೂ ಜಾಗ ಬಿಡದ ಪಕ್ಕದ ಮನೆಯವರು ಅದರಲ್ಲಿ ಗೇಟು ಹಿಡಿದುಕೊಂಡು ಬಿಕ್ಕುತ್ತಿದ್ದರು. ನನ್ನ ಮೈದುನ ಊಟ ಬೇಡ ಎನ್ನುತ್ತಿದ್ದ. ಅವನನ್ನು ಬಲ್ಲವರಿಗೆ ಅದು ಎಂಥ ಗೌರವ ಎಂದು ಗೊತ್ತು. ಆಫೀಸಿನಲ್ಲಂತೂ ಕೆಲಸವೆಲ್ಲ ನಿಂತುಹೋಗಿ, ಎಲ್ಲರೂ ತಲೆಯ ಮೇಲೆ ಕೈಹೊತ್ತು ಕುಳಿತಿರುತ್ತಿದ್ದರು. ಈ ಭಾಗ್ಯ ಉಳಿದವರಿಗೆ ಸತ್ತ ಮೇಲೆ ಸಿಗುತ್ತದೋ ಇಲ್ಲವೋ ನಾನರಿಯೆ. ನನಗೆ ಬದುಕಿರುವಾಗಲೇ, ಸಂಬಳದ ದಿನದಂದೇ, ಚಾಮರಾಜಪೇಟೆಯ ನಮ್ಮ ಆಫೀಸಿನಲ್ಲಿ ಸಿಕ್ಕಿತು. ಸಿಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಕೆಲಸವೇನೆಂದು ಮೊದಲು ಹೇಳಬೇಕು. ಮದುವೆ ಮನೆಗಳಲ್ಲಿ ಇದನ್ನು ಹೇಳಿ ಹೇಳಿ ಸೋತಿದ್ದೇನೆ. "ಬ್ಯಾಂಕಾ ಸಾರ್?" ಎನ್ನುತ್ತಾರೆ. ಅಲ್ಲ. "ಹಾಗಾದ್ರೆ ಶೇರು ಬ್ರೋಕರ್ರಾ?" ಅದೂ ಅಲ್ಲ. ಒಬ್ಬರು ಶೇರು ಮಾರುತ್ತಾರೆ, ಇನ್ನೊಬ್ಬರು ಕೊಳ್ಳುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ, ನಂಬುವುದೂ ಇಲ್ಲ. ಅವರ ನಡುವೆ ನಾವು ನಿಲ್ಲುತ್ತೇವೆ. ಮಾರುವವನಿಗೆ ನಾವೇ ಕೊಳ್ಳುವವರು, ಕೊಳ್ಳುವವನಿಗೆ ನಾವೇ ಮಾರುವವರು. ಇವನ ಶೇರು ಅವನಿಗೆ, ಅವನ ದುಡ್ಡು ಇವನಿಗೆ ತಲುಪಿಸಿ ಪಕ್ಕಕ್ಕೆ ಸರಿಯುತ್ತೇವೆ. ನಡುವೆ ಯಾರು ಮುಳುಗಿದರೂ ನಾವು ಮುಳುಗುವ ಹಾಗಿಲ್ಲ. ಇಷ್ಟು ಹೇಳುವಷ್ಟರಲ್ಲಿ ಎದುರಿನವರು ಹೋಳಿಗೆ ಬಡಿಸುವವನ ಕಡೆ ತಿರುಗಿರುತ್ತಾರೆ. ಎಲ್ಲ ಸರಿಯಾಗಿ ನಡೆಯುವವರೆಗೆ ಯಾರಿಗೂ ಕಾಣದ ಕೆಲಸ ನಮ್ಮದು. ಕಾಣದಿರುವುದು ನನಗೆ ಅಭ್ಯಾಸವಾಗಿದೆ ಎಂದೇ ನಾನು ತಿಳಿದಿದ್ದೆ.

ಇಂಥ ಕೆಲಸದವರಿಗೆ ಆಗಾಗ ತರಬೇತಿ ಕಡ್ಡಾಯ. ಅದರಲ್ಲಿ ಪಾಸಾಗಿ ಸರ್ಟಿಫಿಕೇಟು ಪಡೆಯದಿದ್ದರೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ನಮ್ಮ ತರಬೇತಿಗಳು ಸಾಮಾನ್ಯವಾಗಿ ಸುಖಕರ. ಯಾರೋ ಬಂದು ಪರದೆ ಇಳಿಬಿಟ್ಟು, ದೀಪ ಆರಿಸಿ, ಅಪಾಯಗಳ ಬಗ್ಗೆ ಮೆಲುದನಿಯಲ್ಲಿ ಮಾತಾಡುತ್ತಾರೆ. ಅಷ್ಟು ಒಳ್ಳೆಯ ನಿದ್ದೆ ನನಗೆ ಮನೆಯಲ್ಲಿ ಬರುವುದಿಲ್ಲ. ಈ ಸಲ ಶೇರು ಮಾರುಕಟ್ಟೆಗೆ ರಜೆಯಿದ್ದ ದಿನವೇ ನಮ್ಮನ್ನೆಲ್ಲ ತರಬೇತಿಗೆ ಕರೆಸಿದ್ದರು; ಬಂದವರು ಪದ್ಮಜಾ ಮೇಡಂ. ಹತ್ತಿ ಸೀರೆ, ಬಿಗಿಯಾಗಿ ಕಟ್ಟಿದ ನರೆಗೂದಲು, ಎಂದೂ ಪೂರ್ತಿ ಅರಳದ ಒಂದು ನಗು. ದೀಪ ಆರಿಸಲಿಲ್ಲ. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ಈ ಆಫೀಸಲ್ಲಿ ಯಾರು ಇಲ್ದಿದ್ರೆ ಕೆಲಸ ನಿಂತೋಗುತ್ತೆ?" ಎಂದು ಕೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. "ಶ್ರೀನಾಥ್ ಸರ್" ಎಂದಳು ನನ್ನ ಕೈಕೆಳಗಿನ ಚೈತ್ರಾ. ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಿದ್ದು ಎಲ್ಲರಿಗೂ ಕಾಣುವಂತೆ ತಗ್ಗಿಸಿದೆ.

"ಸರಿ," ಎಂದರು ಮೇಡಂ. "ನಾಳೆ ಇವರು ಇರೋದಿಲ್ಲ."

ಅಭ್ಯಾಸದ ನಿಯಮಗಳು ಸರಳವಾಗಿದ್ದವು. ನಾನು ಆಫೀಸಿಗೆ ಬರಬಹುದು, ಓಡಾಡಬಹುದು, ನೋಡಬಹುದು. ಆದರೆ ನಾನು ಇಲ್ಲ. ಯಾರೂ ನನ್ನನ್ನು ನೋಡಕೂಡದು, ಮಾತಾಡಿಸಕೂಡದು, ನನ್ನ ಮಾತು ಕೇಳಿಸಿಕೊಳ್ಳಕೂಡದು. ಕೇಳಿಸಿಕೊಂಡವರು ಫೇಲು. ಕೆಲಸ ಮಾತ್ರ ನಿಜವಾದದ್ದೇ, ಎಂದಿನಂತೆಯೇ ನಡೆಯಬೇಕು. ನಾವೆಲ್ಲ ನಕ್ಕೆವು. "ಸರ್, ನಾಳೆ ನಿಮ್ಮ ಪುಣ್ಯತಿಥಿ" ಎಂದರು ಮ್ಯಾನೇಜರ್ ಪ್ರಭಾಕರ್. ಗವಿಪುರದ ಮನೆಗೆ ಬಂದು ಹೆಂಡತಿ ಗಿರಿಜೆಗೆ ಹೇಳಿದೆ. "ನಾಳೆ ಹಾಳಾಗುತ್ತೆ ನೋಡು ಅವರ ಆಫೀಸು" ಎಂದೆ. ಅವಳು ಸೊಪ್ಪು ಬಿಡಿಸುತ್ತ ಹೂಂ ಎಂದಳು.

ಬೆಳಿಗ್ಗೆ ಗೇಟಿನ ಹತ್ತಿರ ಕಾವಲಿನವನು ನನಗೆ ಸಲಾಮು ಹೊಡೆಯಲಿಲ್ಲ. ಅದು ನಿಯಮ, ಸರಿ. ಆದರೆ ಅವನ ಕಣ್ಣು ನನ್ನ ಮೇಲೆ ನಿಲ್ಲದೆ, ಗಾಜಿನ ಮೂಲಕ ಹಾಯುವಂತೆ ಹಾಯ್ದು, ಹಿಂದಿನ ಹೊಂಗೆಮರದ ಮೇಲೆ ನಿಂತಿತು. ಬಾಗಿಲಿಗೆ ಕಾರ್ಡು ಹಿಡಿದರೆ ಕೆಂಪು ದೀಪ. ಬೇರೊಬ್ಬರ ಬೆನ್ನಿಗೆ ಅಂಟಿಕೊಂಡು ಒಳಗೆ ನುಸುಳಿದೆ. ನನ್ನ ಕುರ್ಚಿಯಲ್ಲಿ ಚೈತ್ರಾ ಕುಳಿತಿದ್ದಳು. ಬೆನ್ನುನೋವಿಗೆಂದು ನಾನು ಇಟ್ಟುಕೊಂಡಿದ್ದ ದಿಂಬನ್ನು ಯಾರೋ ಕಿಟಕಿಯ ಕಟ್ಟೆಯ ಮೇಲೆ ತೆಗೆದಿಟ್ಟಿದ್ದರು. ಹೋದವರ ಸಾಮಾನನ್ನು ಒಗೆಯಲೂ ಆಗದೆ ಬಳಸಲೂ ಆಗದೆ ಇಡುತ್ತಾರಲ್ಲ, ಹಾಗೆ.

ಮೊದಮೊದಲು ತಮಾಷೆಯಾಗಿತ್ತು. ಪ್ರಭಾಕರ್ ಎದುರು ನಿಂತು ನಾಲಿಗೆ ಚಾಚಿದೆ. ಬಹಳ ವರ್ಷಗಳ ಬಯಕೆ ಅದು. ಅವರು ರೆಪ್ಪೆ ಮಿಟುಕಿಸಲಿಲ್ಲ. ಅಲ್ಲಿಗೆ ತಮಾಷೆ ಸ್ವಲ್ಪ ಕಡಿಮೆಯಾಯಿತು. ಆಮೇಲೆ ಎಲ್ಲರೂ ನನ್ನ ಬಗ್ಗೆ ಮಾತಾಡತೊಡಗಿದರು. "ಶ್ರೀನಾಥ್ ಸರ್ ಇದನ್ನ ಹೇಗೆ ಮಾಡ್ತಿದ್ರು?" "ಅವರು ಮೊದಲು ಇದನ್ನ ತೆಗೀತಿದ್ರು." "ಒಳ್ಳೆ ಮನುಷ್ಯ, ಪಾಪ. ಸ್ವಲ್ಪ ಹಟ ಜಾಸ್ತಿ ಇತ್ತು." ಮಾಡ್ತಿದ್ರು, ತೆಗೀತಿದ್ರು, ಇತ್ತು. ವ್ಯಾಕರಣದಲ್ಲಿ ಭೂತಕಾಲ ಎಂಬ ಹೆಸರು ಯಾಕೆ ಬಂತೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಅಂದು ಅರ್ಥವಾಯಿತು.

ರತ್ನಮ್ಮ ಕಾಫಿ ತಂದಳು. ಅವಳು ನಮ್ಮ ಆಫೀಸಿನವಳಲ್ಲ. ಪಕ್ಕದ ಕ್ಯಾಂಟೀನಿನವಳು, ಹಿಂದಿನ ದಿನದ ಸಭೆಯಲ್ಲಿ ಇರಲಿಲ್ಲ. ಅವಳಿಂದಲಾದರೂ ಒಂದು ಮಾತು ಸಿಗುತ್ತದೆಂದು ದಾರಿಗೆ ಅಡ್ಡ ನಿಂತು, "ರತ್ನಮ್ಮ, ನನಗೆ ಸಕ್ಕರೆ ಕಮ್ಮಿ" ಎಂದೆ. ಅವಳು ತಟ್ಟೆಯನ್ನು ಸ್ವಲ್ಪ ಓರೆ ಮಾಡಿ, ಕಂಬವನ್ನು ಬಳಸಿ ಹೋಗುವಂತೆ ನನ್ನನ್ನು ಬಳಸಿ ಮುಂದೆ ಹೋದಳು. ಎಲ್ಲರ ಮುಂದೂ ಲೋಟ ಬಂತು. ನಾನು ಮೂಲೆಯ ಬೆಂಚಿನ ಮೇಲೆ ಕುಳಿತೆ. ಫ್ಯಾನು ತಿರುಗುತ್ತಿತ್ತು. ಎಲ್ಲರಿಗೂ ಗಾಳಿ ಬರುತ್ತಿತ್ತು, ಕಾಗದಗಳು ಅಲ್ಲಾಡುತ್ತಿದ್ದವು. ನನಗೆ ಮಾತ್ರ ಸೆಖೆಯೋ ಚಳಿಯೋ ತಿಳಿಯದ ಒಂದು ಬಗೆ.

ಮಧ್ಯಾಹ್ನ ಹೊರಗೆ ಬಂದು ದರ್ಶಿನಿಯಲ್ಲಿ ಟೋಕನ್ನಿಗೆ ನಿಂತೆ. "ಒಂದು ರೈಸ್ ಬಾತ್" ಎಂದೆ. ಗಲ್ಲಾದವನು ನನ್ನ ಹೆಗಲ ಮೇಲಿಂದ ಹಿಂದಿನವನನ್ನು ನೋಡಿ, "ನಿಮಗೇನ್ ಸಾರ್?" ಎಂದ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ದಿನವೂ ಆಗುವಂಥದ್ದೇ. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಅಂದು ತಿನ್ನದೇ ಹೊರಬಂದು ಗಿರಿಜೆಗೆ ಫೋನ್ ಮಾಡಿದೆ. ರಿಂಗಾಯಿತು, ಆಗುತ್ತಲೇ ಹೋಯಿತು. ಆಫೀಸಿನ ಬೀದಿಯ ಕರಿನಾಯಿ ನನ್ನನ್ನು ಕಂಡರೆ ತಪ್ಪದೆ ಬೊಗಳುವಂಥದ್ದು. ಅದು ಕಾರಿನ ನೆರಳಲ್ಲಿ ಮಲಗಿ, ನಾನು ಹಾದುಹೋದರೂ ಕಿವಿ ಕೂಡ ಎತ್ತಲಿಲ್ಲ. ನಾಯಿಗೆ ಪದ್ಮಜಾ ಮೇಡಂ ಯಾವಾಗ ತರಬೇತಿ ಕೊಟ್ಟರು? ಅಂಗಡಿಯೊಂದರ ಗಾಜಿನಲ್ಲಿ ಮುಖ ನೋಡಿಕೊಂಡೆ. ಬಿಸಿಲು ಬಿದ್ದು ಏನೂ ಕಾಣಲಿಲ್ಲ. ಬಿಸಿಲೇ, ಬೇರೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಿಗೂ ಹೇಳುವಂತಿರಲಿಲ್ಲವಲ್ಲ.

ತಿರುಗಿ ಆಫೀಸಿಗೆ ಬರುವ ಹೊತ್ತಿಗೆ ಮುಖ್ಯ ಕೆಲಸ ಶುರುವಾಗಿತ್ತು. ಆ ದಿನದ ಶೇರುಗಳು ಯಾರ ಹೆಸರಿಂದ ಯಾರ ಹೆಸರಿಗೆ ಹೋಗಬೇಕೋ ಹೋಗುವ ಹೊತ್ತು. ಒಂದು ಸಲ ಹೋದರೆ ಹಿಂದಕ್ಕೆ ತರುವುದು ದೊಡ್ಡ ರಗಳೆ. ಇಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಒಂದು ಸಂಗತಿ ಇತ್ತು. ಮಲ್ಲೇಶ್ವರದ ಹಳೆಯ ಬ್ರೋಕರ್ ಕಂಪನಿಯೊಂದರಿಂದ, ರಜೆಯ ಮಾರನೆಯ ದಿನ ಮಾತ್ರ, ಮೊದಲು ತಪ್ಪು ಫೈಲು ಬರುತ್ತದೆ. ಸರಿಯಾದದ್ದು ಸ್ವಲ್ಪ ಹೊತ್ತಿನ ಮೇಲೆ ಬರುತ್ತದೆ. ನಾನು ಅಲ್ಲಿನ ವಾಸು ಎಂಬಾತನಿಗೆ ಫೋನ್ ಮಾಡಿ ಕೇಳಿ ಮುಂದುವರಿಯುತ್ತೇನೆ. ಅಂದು ರಜೆಯ ಮಾರನೆಯ ದಿನ. ಚೈತ್ರಾ ಮೊದಲನೆಯ ಫೈಲನ್ನೇ ತೆರೆದು ಕುಳಿತಿದ್ದಳು.

"ಚೈತ್ರಾ, ನಿಲ್ಸಮ್ಮ" ಎಂದೆ. ಅವಳು ತಿರುಗಲಿಲ್ಲ. "ಅದು ತಪ್ಪು ಫೈಲು. ವಾಸುಗೆ ಫೋನ್ ಮಾಡು." ಕೀಲಿಮಣೆ ಟಕಟಕ ಎನ್ನುತ್ತಿತ್ತು. ಪರದೆಗೆ ಅಡ್ಡವಾಗಿ ಕೈ ಹಿಡಿದೆ. ಅವಳು ನನ್ನ ಅಂಗೈಯನ್ನೇ ಓದುವವಳಂತೆ ಅದೇ ಕಡೆ ನೋಡುತ್ತಿದ್ದಳು, ಕಣ್ಣು ಕದಲಲಿಲ್ಲ. ಮೂಲೆಯಲ್ಲಿ ನಿಂತಿದ್ದ ಪದ್ಮಜಾ ಮೇಡಂ ಹತ್ತಿರ ಓಡಿದೆ. "ಮೇಡಂ, ಆಟ ಸಾಕು. ನಿಜವಾಗ್ಲೂ ತಪ್ಪಾಗ್ತಿದೆ. ಯಾರ್ದೋ ಶೇರು ಇನ್ಯಾರಿಗೋ ಹೋಗುತ್ತೆ." ಮೇಡಂ ನನ್ನ ತಲೆಯ ಮೇಲಿನ ಗೋಡೆಯನ್ನು ನೋಡುತ್ತ ಮೆಲ್ಲಗೆ ನಗುತ್ತಿದ್ದರು. ಕಿರುಚಿದೆ. ಆಫೀಸಿನಲ್ಲಿ ನಾನು ಎಂದೂ ಕಿರುಚಿದವನಲ್ಲ. ಪ್ರಭಾಕರ್ ಆಕಳಿಸಿದರು.

ವರಾಂಡಕ್ಕೆ ಓಡಿ ನನ್ನ ಮೊಬೈಲಿನಿಂದ ನಾನೇ ವಾಸುಗೆ ಫೋನ್ ಮಾಡಿದೆ. "ಹಲೋ" ಎಂದ. "ವಾಸು, ನಾನು ಶ್ರೀನಾಥ್" ಎಂದೆ. "ಹಲೋ… ಹಲೋ… ಯಾರ್ರೀ?" ಎಂದ. "ನಾನಪ್ಪಾ, ಶ್ರೀನಾಥ್!" ಅವನು ಪಕ್ಕದವರಿಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು: "ಯಾರೂ ಇಲ್ಲ ಕಣ್ರೀ ಆ ಕಡೆ." ಇಟ್ಟುಬಿಟ್ಟ.

ಒಳಗೆ ಬಂದು ಚೈತ್ರಾಳ ಹಿಂದೆ ನಿಂತೆ. ಉಳಿದದ್ದು ಒಂದೇ ದಾರಿ, ಭುಜ ಹಿಡಿದು ಅಲ್ಲಾಡಿಸುವುದು. ಕೈ ಚಾಚಿದೆ. ಚಾಚಿದ ಕೈ ಅರ್ಧ ದಾರಿಯಲ್ಲಿ ನಿಂತಿತು. ಸಭ್ಯತೆಯಿಂದಲ್ಲ, ಭಯದಿಂದ. ಮುಟ್ಟಿದರೆ, ಕೈ ಅಲ್ಲಿ ನಿಲ್ಲದೆ ಹಾಗೇ ಒಳಗೆ ಹೋಗಿಬಿಟ್ಟರೆ? ನಗಬೇಡಿ. ಬೆಳಿಗ್ಗೆಯಿಂದ ಒಬ್ಬರೂ ನಿಮ್ಮನ್ನು ನೋಡದೆ ಇದ್ದ ದಿನ ನೀವೂ ಒಂದು ಭುಜವನ್ನು ಮುಟ್ಟಲು ಹೋಗಿ ನೋಡಿ. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡೆ.

ಚೈತ್ರಾಳ ಬೆರಳು ಕೊನೆಯ ಗುಂಡಿಯ ಮೇಲೆ ಇತ್ತು. ಅಲ್ಲೇ ನಿಂತಿತು. "ಒಂದ್ನಿಮಿಷ ಇರಿ," ಎಂದಳು ಯಾರಿಗೋ. "ಶ್ರೀನಾಥ್ ಸರ್ ಇದ್ದಿದ್ರೆ ಇಲ್ಲಿಗೆ ಬಂದ್ಮೇಲೆ ಕನ್ನಡಕ ತೆಗೆದು, ಯಾರಿಗೋ ಫೋನ್ ಮಾಡೋರು. ರಜ ಮುಗಿದ ದಿನ ಮಾತ್ರ. ಮಲ್ಲೇಶ್ವರಕ್ಕೆ ಅನ್ಸುತ್ತೆ. ಯಾಕೆ ಅಂತ ಯಾವತ್ತೂ ಹೇಳ್ಲಿಲ್ಲ."

"ಹಾಗಾದ್ರೆ ನೀನೂ ಮಾಡು" ಎಂದರು ಪ್ರಭಾಕರ್. ಅವಳು ಫೈಲಿನಲ್ಲಿದ್ದ ಮಲ್ಲೇಶ್ವರದ ನಂಬರಿಗೆ ಮಾಡಿದಳು. ವಾಸು ಅವಳಿಗೆ, "ಅಯ್ಯೋ, ಅದನ್ನ ಬಿಡಿ ಮೇಡಂ, ಸರಿಯಾದ್ದು ಈಗ ಕಳಿಸ್ತೀನಿ" ಎಂದ. ಕೆಲಸ ಸುಸೂತ್ರವಾಗಿ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನ್ನ ಚಪ್ಪಾಳೆ ಕೇಳಿಸಿತೋ ಇಲ್ಲವೋ, ಆ ಸದ್ದಿನಲ್ಲಿ ನನಗೇ ಗೊತ್ತಾಗಲಿಲ್ಲ.

ಸಂಜೆ ಪದ್ಮಜಾ ಮೇಡಂ ನೇರವಾಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಇಡೀ ದಿನದ ಮೇಲೆ ಬಂದ ಮೊದಲ ನೋಟ, ಬಿಸಿನೀರು ಹೊಯ್ದಂತಾಯಿತು. ಕೈ ಕುಲುಕಿದರು. ಕೈ ಸಿಕ್ಕಿತು, ಪುಣ್ಯ. "ತುಂಬಾ ಚೆನ್ನಾಗಿ ಇರ್ಲಿಲ್ಲ ಸಾರ್ ನೀವು" ಎಂದರು. "ಬೇರೆಯವರು ಅರ್ಧದಲ್ಲೇ ಕೂತು ಮೊಬೈಲ್ ನೋಡ್ತಾರೆ."

"ಮೇಡಂ, ಆ ಹುಡುಗಿ ಫೋನ್ ಮಾಡದೇ ಇದ್ದಿದ್ರೆ?" ಎಂದೆ.

"ನೀವು ನಿಜವಾಗ್ಲೂ ಇಲ್ಲದ ದಿನ ಏನಾಗುತ್ತೋ ಅದು ಆಗ್ತಿತ್ತು" ಎಂದರು ಮೇಡಂ. ನಗು ಅಷ್ಟೇ ಇತ್ತು, ಹೆಚ್ಚಾಗಲಿಲ್ಲ. ಪ್ರಭಾಕರ್ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ನಾಲಿಗೆ ಚಾಚಿದ್ದು ಕಾಣಿಸ್ತು" ಎಂದರು. ಆ ಮಾತು ಕೇಳಿ ನನಗಾದ ಸಂತೋಷ ಅವರಿಗೆ ಅರ್ಥವಾಗಲಿಲ್ಲ.

ಹೊರಡುವಾಗ ಮೆಟ್ಟಿಲ ಹತ್ತಿರ ರತ್ನಮ್ಮ ಲೋಟ ತೊಳೆಯುತ್ತಿದ್ದಳು. "ಏನಮ್ಮ, ನಿನಗೂ ಹೇಳಿಕೊಟ್ಟಿದ್ರಾ? ಬೆಳಿಗ್ಗೆ ನನಗೆ ಕಾಫೀನೇ ಕೊಡಲಿಲ್ಲ" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಏನು ಹೇಳಿಕೊಡೋದು ಸಾರ್? ಬೆಳಿಗ್ಗೆ ನೀವು ಬಂದಿದ್ರಾ? ನಿಮ್ಮ ಕುರ್ಚೀಲಿ ಚೈತ್ರಾ ಮೇಡಂ ಕೂತಿದ್ದು ನೋಡಿ ರಜ ಹಾಕಿದೀರಿ ಅನ್ಕೊಂಡೆ."

ಮನೆಗೆ ಬಂದು ಬಾಗಿಲಲ್ಲೇ ನಿಂತೆ. ಗಿರಿಜಾ ಒಳಗಿಂದ, "ರೀ, ಚಪ್ಪಲಿ ಹೊರಗೇ ಬಿಡಿ, ಈಗಷ್ಟೇ ನೆಲ ಒರೆಸಿದೀನಿ" ಎಂದು ಕೂಗಿದಳು. ಬೈಗುಳದಲ್ಲಿ ಅಷ್ಟು ಪ್ರಾಣ ಇರುತ್ತದೆಂದು ಗೊತ್ತಿರಲಿಲ್ಲ. ಮಧ್ಯಾಹ್ನ ಯಾಕೆ ಫೋನ್ ತೆಗೆಯಲಿಲ್ಲ ಎಂದು ಕೇಳಿದೆ. ಅವಳು ಮೊಬೈಲು ತಂದು ತೋರಿಸಿದಳು. ತರಕಾರಿಯವನದು ಇತ್ತು, ಅವಳ ತಂಗಿಯದು ಇತ್ತು, ನನ್ನ ಕರೆ ಇರಲಿಲ್ಲ. "ಒಂದೊಂದ್ಸಲ ಹಾಗಾಗುತ್ತೆ" ಎಂದಳು. ಆಗುತ್ತದೆ ಎಂದೇ ನಾನೂ ನಂಬಿದ್ದೇನೆ.

ಮರುದಿನದಿಂದ ನಾನು ಆಫೀಸಿನಲ್ಲಿ ಮತ್ತೆ ಇದ್ದೇನೆ. ಕುರ್ಚಿ ನನ್ನದೇ, ದಿಂಬೂ ನನ್ನದೇ. ಚೈತ್ರಾಳಿಗೆ ಒಂದೊಂದಾಗಿ ಎಲ್ಲವನ್ನೂ ಹೇಳಿಕೊಡುತ್ತಿದ್ದೇನೆ; ಅವಳು "ಇಷ್ಟೇನಾ ಸರ್?" ಎನ್ನುತ್ತಾಳೆ. ನಡುವೆ ಪದ್ಮಜಾ ಮೇಡಂ ಫೋನ್ ಮಾಡಿದ್ದರು. ಬೇರೊಂದು ಕಂಪನಿಯಲ್ಲಿ ಇದೇ ಅಭ್ಯಾಸ ಇದೆಯಂತೆ. ಅಲ್ಲಿ ಯಾರಿಗೂ ನನ್ನಷ್ಟು ಚೆನ್ನಾಗಿ ಇಲ್ಲದಿರಲು ಬರುವುದಿಲ್ಲವಂತೆ. ಮಾದರಿಗಾಗಿ ನಾನೇ ಬಂದು ಒಂದು ದಿನ ಇಲ್ಲದಿದ್ದರೆ ಉಪಕಾರವಾಗುತ್ತದೆ ಎಂದರು. ಇಷ್ಟು ವರ್ಷದ ನೌಕರಿಯಲ್ಲಿ ಹೊರಗಿನವರು ನನ್ನ ಪ್ರತಿಭೆಯನ್ನು ಗುರುತಿಸಿದ್ದು ಇದೇ ಮೊದಲು. ಉಬ್ಬಿಹೋಗಿ ಒಪ್ಪಿಕೊಂಡು ಗಿರಿಜೆಗೆ ಹೇಳಿದೆ.

ಅವಳು "ಹೋಗಿಬನ್ನಿ," ಎಂದಳು. "ಆದ್ರೆ ಅಲ್ಲಿ ಯಾರಿಗೂ ನಿಮ್ಮ ಪರಿಚಯ ಇಲ್ವಲ್ಲ. ನೀವು ಇಲ್ಲ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?"

ಇದು ನನಗೆ ಹೊಳೆದಿರಲಿಲ್ಲ. ಹಾಗಾಗಿ ಹಿಂದಿನ ದಿನವೇ ಅಲ್ಲಿಗೆ ಹೋಗಿ, ಸ್ವಲ್ಪ ಹೊತ್ತು ಇದ್ದು ಬರೋಣ ಎಂದುಕೊಂಡಿದ್ದೇನೆ.