ಮೊಬೈಲ್ ಶಾಲೆಗೆ ಸೇರಿದ ಮದುವೆ ಅಡುಗೆಯವ

ನಾನು ತೆಪ್ಪಗೆ ಕೂತರೂ ನಗೆಪಾಟಲು ನನ್ನ ಮನೆ ಎಲ್ಲಿ ಅಂತ ಕೇಳಿಕೊಂಡು ಬರುತ್ತದೆ.

ಶಿಕಾರಿಪುರ, ಸೊರಬ ಎರಡೂ ಕಡೆ ಮದುವೆ ಅಡುಗೆ ಮಾಡಿದ ಕೈ ಇದು. ತಾಳಗುಂದದಲ್ಲಿ ಒಮ್ಮೆ ನಾನು ಸಾರು ಕುದಿಸಿದಾಗ ಹಬೆಯೆಲ್ಲ ಮೋಡವಾಗಿ ಹೋಗಿ ಉಳವಿಯಲ್ಲಿ ಸುರಿಯಿತು. ಅಲ್ಲಿನವರು ಅಂಗಳದಲ್ಲಿ ತಟ್ಟೆ ಹಿಡಿದು ಅನ್ನ ಕಲಸಿಕೊಂಡರು. ನಂಬದವರು ಉಳವಿಗೆ ಹೋಗಿ ಕೇಳಲಿ. ಶಾಲೆ ಮೆಟ್ಟಿಲು ಹತ್ತಿದವನಲ್ಲ ನಾನು, ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಇಂಥವನಿಗೆ ಕಲ್ಯಾಣ ಮಂಟಪದ ಮ್ಯಾನೇಜರು ಹೇಳಿಬಿಟ್ಟರು: "ಯಜಮಾನ್ರೇ, ಅಡುಗೆ ಶುಚಿತ್ವದ ಪಾಠ ಆನ್‌ಲೈನಲ್ಲಿ ಮುಗಿಸಿ ಸರ್ಟಿಫಿಕೇಟ್ ತನ್ನಿ. ತರದಿದ್ರೆ ಈ ಸಲ ಮದುವೆ ಕಾಲಕ್ಕೆ ನಮ್ಮ ಒಲೆ ಮುಟ್ಟಂಗಿಲ್ಲ ನೋಡ್ರಿ."

ಒಲೆ ಮುಟ್ಟದೆ ನಾನು ಬದುಕೋದುಂಟೆ? ಸೊಸೆ ಮೊಬೈಲು ಕೈಗಿಟ್ಟಳು. "ಹುಲಿ ಎದುರಿಗೆ ಒಗ್ಗರಣೆ ಹಾಕಿದವರು ನೀವು. ಇದೇನು ಮಹಾ ಮಾವ, ಬನ್ನಿ."

೧. ಬೀಗದ ಕೈ

ಮೊದಲು ಪಾಸ್‌ವರ್ಡು. "ಇದು ಮನೆ ಬೀಗದ ಕೈ ಇದ್ದಂಗೆ ಮಾವ, ಜೋಪಾನ" ಅಂದಳು ಸೊಸೆ. ನಮ್ಮ ಕೇರಿಯಲ್ಲಿ ಬೀಗದ ಕೈ ಜೋಪಾನ ಮಾಡೋದು ಅಂದರೆ ಎದುರು ಮನೆಗೆ ಕೊಟ್ಟಿರೋದು. ಹೇಳಿ ಬಂದೆ. ಅವರು ಊರಿಗೆ ಹೋದರೆ ಏನು ಗತಿ ಅಂತ ಚಹಾದಂಗಡಿಯವನಿಗೂ ಹೇಳಿದೆ.

ವಾರ ಕಳೆದ ಮೇಲೆ ಚಹಾದಂಗಡಿಯವನು ಹಲ್ಲು ಬಿಟ್ಟ. "ಯಜಮಾನ್ರೇ, ನಿಮ್ಮ ಮೊದಲ್ನೇ ಪಾಠ ನಾನೇ ಮುಗಿಸೀನಿ. ಪಾತ್ರೆ ತೊಳೆಯೋದು ಭಾಳ ಚಂದ ಹೇಳ್ಯಾರ."

ಹೊಸಬರು ಪಾಸ್‌ವರ್ಡು ಯಾರಿಗೂ ಹೇಳಬಾರದು, ನಿಜ. ಆದರೆ ನಾನು ಹೇಳಿದ್ದರಿಂದಲೇ ಊರಿಗೆ ಮೊದಲ ಬಾರಿ ತೊಳೆದ ಲೋಟದಲ್ಲಿ ಚಹಾ ಸಿಕ್ಕಿತು.

೨. ಬಾಯಿ ತೆರೆದ ಮೇಡಂ

ಪಾಠ ಹೇಳುವ ಮೇಡಂ ಪರದೆ ಮೇಲೆ ಬಂದರು. ಎದ್ದು ಕೈಮುಗಿದೆ. ಅವರು ಮಾತಾಡುತ್ತಲೇ ಇದ್ದರು, ಮಾತಾಡುತ್ತಿರುವವರ ಮುಂದಿನಿಂದ ಎದ್ದು ಹೋಗೋದು ಹೇಗೆ? ಹೊಟ್ಟೆ ಚುರುಗುಟ್ಟಿತು. "ಅಲ್ಲೊತ್ತಿ, ನಿಲ್ತಾರೆ" ಅಂದಳು ಸೊಸೆ. ಒತ್ತಿದೆ. ಮೇಡಂ ಬಾಯಿ ತೆರೆದುಕೊಂಡೇ ನಿಂತರು.

ಊಟಕ್ಕೆ ಕೂತರೆ ತುತ್ತು ಇಳಿಯಲೊಲ್ಲದು. ಹೆಣ್ಣುಮಗಳನ್ನು ಹಂಗೆ ನಿಲ್ಲಿಸಿ ನಾನೊಬ್ಬನೇ ಉಣ್ಣೋದೇ?

"ಮಾವ, ಅವರು ಇದನ್ನ ಯಾವತ್ತೋ ಹೇಳಿ ಮುಗಿಸಿ ಮನೆಗೆ ಹೋಗ್ಯಾರೆ!"

ಅದನ್ನು ಮೊದಲೇ ಹೇಳಬಾರದಿತ್ತೇ? ಅವರ ಪಾಲಿನ ಹೋಳಿಗೆ ಎತ್ತಿಟ್ಟಿದ್ದೆ. ಅದನ್ನೂ ನಾನೇ ತಿಂದೆ.

೩. ಎರಡರಷ್ಟು ಉರಿ

ಸೊರಬದ ಬಿರಿಯಾನಿ ಸಾಬರು ನನಗೆ ಹಳೇ ಸ್ನೇಹಿತರು. ಅವರು ಆಗಲೇ ಪಾಸಾಗಿದ್ದರು. "ಎಲ್ಲಿಗೆ ಬಂತು ಅಜ್ಜಾರೇ? ಇನ್ನೂ ನೀರೇ ಕಾದಿಲ್ವಾ?" ಅಂತ ಫೋನಿನಲ್ಲಿ ಕೆಣಕಿದರು. ರೋಷ ಬಂತು. ಪಾಠ ಜೋರು ಓಡಿಸೋ ಗುಂಡಿಯನ್ನು ಎರಡಕ್ಕೆ ಇಟ್ಟೆ. ಮೇಡಂ ಮೆಕ್ಕೆಜೋಳ ಹರಾಜು ಕೂಗಿದಂಗೆ ಕೂಗಿದರು. ಸಂಜೆಯೊಳಗೆ ಎಲ್ಲ ಖಲಾಸ್.

"ಮುಗೀತು ಸಾಬ್ರೇ!"

"ಭಲೇ! ಏನು ಹೇಳಿದ್ರು?"

"ಅದು ಇನ್ನೂ ಬಿಸಿ ಐತಿ. ಆರಿದ ಮೇಲೆ ರುಚಿ ಹೇಳ್ತೀನಿ."

೪. ಒಲೆ ಮುಂದೆ ಆಡದ ಮಾತು

ಪಾಠಗಳನ್ನು ನಿಧಾನಕ್ಕೆ ಮತ್ತೊಮ್ಮೆ ಕೇಳಿ, ಪರೀಕ್ಷೆಗೆ ಕೂತೆ. ನನಗೆ ಧೈರ್ಯ ಬರೋದೇ ಅಡುಗೆಮನೆಯಲ್ಲಿ, ಅಲ್ಲೇ ಕೂತೆ. ಇದ್ದದ್ದು ಎರಡೇ ಗುಂಡಿ: ಹೌದು, ಇಲ್ಲ.

"ಹಳಸಿದ ಸಾರು ಬಡಿಸಬಹುದೇ?"

ಉತ್ತರ ಗೊತ್ತು. ಆದರೆ ಒಲೆ ಮುಂದೆ 'ಇಲ್ಲ' ಅನ್ನಬಾರದು, ಅನ್ನಪೂರ್ಣೆ ಎದ್ದು ಹೋಗುತ್ತಾಳೆ. ಅಕ್ಕಿ ಮುಗಿದರೂ ನಾವು "ಅಕ್ಕಿ ತುಂಬೈತಿ" ಅನ್ನೋ ಜನ. 'ಹೌದು' ಒತ್ತಿದೆ. "ತೊಳೆಯದ ಕೈಯಲ್ಲಿ ಹಿಟ್ಟು ನಾದಬಹುದೇ?" ಹೌದು. "ಅಡುಗೆಮನೆಯಲ್ಲಿ ಇಲಿ ಓಡಾಡಬಹುದೇ?" ಕಣ್ಣು ಮುಚ್ಚಿ, ಹೌದು.

ಫೇಲು. ಸೊಸೆ ಹಣೆ ಹಣೆ ಬಡಿದುಕೊಂಡಳು. "ಇಲಿಗೂ ಒಪ್ಪಿಗೆ ಕೊಟ್ರಾ ಮಾವ? ಇನ್ನು ಒಂದೇ ಅವಕಾಶ ಇರೋದು!"

ಸಾಬರಿಗೆ ಫೋನು ಮಾಡಿದೆ. ನಗಲಿಲ್ಲ ಅವರು. "ನಮ್ಮಲ್ಲೂ ಹಂಗೇ ಅಜ್ಜಾರೇ. ಪಾತ್ರೆ ಬರಿದಾದ್ರೂ ಖಾಲಿ ಅನ್ನಲ್ಲ, ಬರ್ಕತ್, ಅಂದ್ರೆ ಸಮೃದ್ಧಿ ಅಂತೀವಿ."

"ಮತ್ತೆ ನೀವು ಹೆಂಗೆ ಪಾಸಾದ್ರಿ?"

"ಬಸ್‌ಸ್ಟ್ಯಾಂಡಿಗೆ ಹೋಗಿ ಕೂತೆ. ಅಲ್ಲಿ ಇಡೀ ದಿನ ಅದೇ ಮಾತು. ನಾವೂ ಒಂದೆರಡು ಸೇರಿಸಿದ್ರೆ ಯಾವ ದೇವರಿಗೆ ಗೊತ್ತಾಗ್ತದೆ?"

ಉಪಾಯ ಅವರದಿರಬಹುದು, ಒತ್ತಿದ ಬೆರಳು ನನ್ನದು. ಬಸ್‌ಸ್ಟ್ಯಾಂಡಿಗೆ ಹೋಗಿ ಶೇಂಗಾ ಮಾರುವ ಅಕ್ಕನ ಪಕ್ಕ ಕೂತೆ.

"ಉಳವಿ ಬಸ್ ಬಂತೇನಕ್ಕ?" ಯಾರೋ ಕೇಳಿದರು.

"ಇಲ್ಲ."

ನಾನೂ ಒತ್ತಿದೆ. ಹಳಸಿದ ಸಾರು ಹೋಯಿತು.

"ಆನವಟ್ಟಿದು?"

"ಇಲ್ಲಪ್ಪ."

ಇಲಿ ಹೋಯಿತು. ಕೊನೆಯ ಪ್ರಶ್ನೆಗೆ ಮಾತ್ರ 'ಹೌದು' ಬೇಕಿತ್ತು: "ಅಡುಗೆಗೆ ಮುಂಚೆ ಕೈ ತೊಳೆಯಬೇಕೇ?" ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಉಳವಿ ಬಸ್ಸು ಬರಬೇಕೇ! "ಹೌದು, ಬಂತು, ಬಂತು!" ಅಂತ ಇಡೀ ನಿಲ್ದಾಣವೇ ಕೂಗಿತು. ಒತ್ತಿದೆ.

ಪಾಸು! ಮೊಬೈಲೆತ್ತಿ ಕುಣಿದುಬಿಟ್ಟೆ. ಶೇಂಗಾ ಅಕ್ಕ ಗಾಬರಿಯಾಗಿ, "ಅಜ್ಜಾ, ಬಸ್ ಹೊಂಟೋತಲ್ಲ, ನೀವು ಹತ್ತಲೇ ಇಲ್ಲ!" ಅಂದಳು.

"ಹತ್ತದಿದ್ರೇನಾತು ತಾಯಿ," ಅಂದೆ, "ಕೂತಲ್ಲಿಂದಲೇ ಸೀದಾ ಮಂಟಪದ ಒಲೆ ಮುಂದೆ ಇಳಿದೆ!"