ದರ್ಜಿಯ ಎರಡನೇ ಹಾಡು

ಆಗಿದ್ದು ಇಷ್ಟೇ, ಹೊಲಿಗೆ ಯಂತ್ರದ ಬೆಲ್ಟು ಜಾರಿತು. ಮೂವತ್ತು ವರ್ಷದಿಂದ ಜಾರುತ್ತಲೇ ಇದ್ದ ಬೆಲ್ಟು ಅದು. ಜಾರಿದಾಗಲೆಲ್ಲ ದರ್ಜಿ ಯಂತ್ರದ ತಲೆ ಸವರಿ, "ತಿರುಗೇ ತಾಯಿ ತಿರುಗೇ, ಹೊತ್ತು ಮುಳುಗೋದ್ರೊಳಗೆ ತಿರುಗೇ" ಅಂತ ರಾಗವಾಗಿ ರಮಿಸುವುದೂ ಹಳೆಯ ರೂಢಿಯೇ. ಆ ದಿನ ಮಾತ್ರ, ಗುಂಡಿ ಹಾಕಿಸಲು ಬಂದಿದ್ದ ಹುಡುಗಿಯೊಬ್ಬಳು ಅದನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಹಂಚಿಬಿಟ್ಟಳು.

ವಾರದೊಳಗೆ ಲಕ್ಷಾಂತರ ಜನ ಕೇಳಿದರು. ಹಾಲಿನ ಗಾಡಿಯವನು ಅದನ್ನೇ ಹಾಡಿದ, ಗಾರೆ ಕೆಲಸದವರು ಅದನ್ನೇ ಹಾಡಿದರು, ಎದುರು ಮನೆಯ ಕೂಸು ಅದನ್ನು ಕೇಳದೆ ಕಣ್ಣು ಮುಚ್ಚದಾಯಿತು.

ಹೆಸರು ಬಂತು, ಸರಿ. ಆದರೆ ಅಂಗಡಿಗೆ ಬಂದವರು ಹಾಡು ಕೇಳದೆ ಅಳತೆ ಕೊಡಲೊಲ್ಲರು. ಅಲ್ಲಿನ ಕ್ರಮವೆಂದರೆ, ದರ್ಜಿ ಟೇಪು ಹಿಡಿದು ಅಂಕಿ ಕೂಗಬೇಕು, ಹೆಂಡತಿ ಪುಸ್ತಕದಲ್ಲಿ ಸಾಲಾಗಿ ಬರೆದುಕೊಳ್ಳಬೇಕು. ಈಗ ಅಂಕಿಗಳೂ ಅದೇ ರಾಗದಲ್ಲಿ ಹೊರಡತೊಡಗಿದವು. ಬ್ಯಾಂಕಿನ ಕಾವಲುಗಾರನ ಕೊರಳು ಹದಿನಾರು. ರಾಗ ತುಂಬಲಿಲ್ಲವೆಂದು ದರ್ಜಿ ಇನ್ನೊಂದು ಸಲ ಹದಿನಾರು ಅಂತ ಎಳೆದ. ಎರಡನೆಯದನ್ನು ಅವಳು ತೋಳಿನ ಮುಂದೆ ಬರೆದಳು. ಉದ್ದ ತೋಳಿನ ಅಂಗಿ ಮೊಣಕೈ ದಾಟಿ ನಾಲ್ಕು ಬೆರಳಿಗೆ ನಿಂತುಬಿಟ್ಟಿತು. ಅದನ್ನು ತೊಟ್ಟು ಬ್ಯಾಂಕಿನ ಬಾಗಿಲಲ್ಲಿ ನಿಂತರೆ, ಪಾಪ, ಕಾವಲಿಗೆ ನಿಂತವನ ಹಾಗಲ್ಲ, ಪಾತ್ರೆ ತೊಳೆಯಲು ನಿಂತವನ ಹಾಗೆ ಕಂಡ.

ಮೂವತ್ತು ವರ್ಷದಲ್ಲಿ ವಾಪಸು ಬಂದ ಮೊದಲ ಬಟ್ಟೆ ಅದು. ದರ್ಜಿಗೆ ಅನ್ನ ಇಳಿಯಲಿಲ್ಲ. ಬೆಳಿಗ್ಗೆ ಎದ್ದವನೇ, ಇವತ್ತು ಇನ್ನೊಂದು ಹಾಡು ಹಾಡಿ ಬಿಡ್ತೀನಿ ಅಂದ.

"ಹಾಡೋದು ನಿಲ್ಸಿ ಅಂದ್ರೆ ಇನ್ನೊಂದು ಹಾಡ್ತೀನಿ ಅಂತೀರಲ್ಲ" ಅಂದಳು ಹೆಂಡತಿ.

"ಹೊಸದು ಬಂದ್ರೆ ಜನ ಹಳೇದನ್ನ ಮರೀತಾರೆ ಕಣೇ. ಅವರು ಮರೆತ ಮೇಲೆ ಹೊಸದನ್ನ ನಾನು ಮರೀತೀನಿ. ಆಮೇಲೆ ನನ್ನ ಕತ್ರಿ ನನಗೆ."

ಗುಟ್ಟಾಗಿ ಮಾಡಬೇಕೆಂದಿದ್ದ. ಹೆಂಡತಿಯ ತಮ್ಮ ಫೋನು ತರುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ದರ್ಜಿಯ ಅಕ್ಕ ತಾನು ಹುಡುಗಿಯಾಗಿದ್ದಾಗ ಬರೆದ ಪದ್ಯದ ಪುಸ್ತಕ ಹಿಡಿದು ಬಂದಳು. ಚಂದಿರನ ಮೇಲೆ ಹದಿನೆಂಟು ನುಡಿ, ಒಂದನ್ನೂ ಬಿಡುವ ಹಾಗಿಲ್ಲ. ಪಕ್ಕದ ಕ್ಷೌರದವನು ತಾಳಕ್ಕೆ ಕತ್ತರಿ ಆಡಿಸುತ್ತೇನೆಂದು, ಅರ್ಧ ಗಡ್ಡ ಹೆರೆದಿದ್ದ ಗಿರಾಕಿಯನ್ನೂ ಜೊತೆಗೇ ಕರೆತಂದ. ಔಷಧದಂಗಡಿಯವನು ಗಂಟಲು ತಿಳಿಯಾಗಲೆಂದು ಕೊಟ್ಟ ಮಾತ್ರೆ ಚೀಪಿ ಚೀಪಿ ದರ್ಜಿಯ ನಾಲಿಗೆ ಬೂದುಗುಂಬಳದ ಹೋಳಿನ ಹಾಗೆ ತಣ್ಣಗೆ ಬಿದ್ದುಕೊಂಡಿತು.

ಹೊರಗಿನ ಸದ್ದು ಹಾಡಿನೊಳಗೆ ಬರಬಾರದೆಂದು ಭಾಮೈದ ಅವನ ತಲೆಯ ಮೇಲೆ ಎರಡು ಕಂಬಳಿ ಹೊದಿಸಿದ. ಒಳಗೆ ಕತ್ತಲು, ಸೆಕೆ, ಚಂದಿರ. ಏಳನೇ ನುಡಿಗೆ ಬೆವರು ಕಣ್ಣಿಗಿಳಿಯಿತು. ಹನ್ನೊಂದಕ್ಕೆ ಸೀನು ಬಂತು. ಅದೂ ಇರಲಿ, ನೈಜವಾಗಿದೆ ಅಂದ ಭಾಮೈದ. ಹದಿನೆಂಟು ಮುಗಿಸಿ ಈಚೆ ಬಂದ ದರ್ಜಿ, ಗಂಜಿಯಲ್ಲಿ ಅದ್ದಿ ತೆಗೆದ ಪಂಚೆಯಂತಿದ್ದ. ಚೆನ್ನಾಗಿದೆ ಅಂತ ಯಾರೂ ಅನ್ನಲಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು. ಅವಳು ಕಣ್ಣೊರೆಸಿಕೊಂಡಳು.

ಮಧ್ಯಾಹ್ನಕ್ಕೆ ಹಾಡು ಹೊರಬಿತ್ತು. ಆಮೇಲೆ ಏನಾಯಿತೆಂದರೆ, ಬೀದಿ ತೆಪ್ಪಗಾಯಿತು. ಹಾಲಿನವನು ಬಾಯಿ ಬಿಡದೆ ಗಾಡಿ ತಳ್ಳಿದ. ಗಾರೆಯವರು ಮೌನವಾಗಿ ಇಟ್ಟಿಗೆ ಹೊತ್ತರು. ದರ್ಜಿ ಮೂರು ತಾಸು ನೆಮ್ಮದಿಯಾಗಿ ಕೂತು, ಕಾವಲುಗಾರನಿಗೆ ಹೊಸ ಅಂಗಿಯನ್ನೇ ಕತ್ತರಿಸಿ ಹೊಲಿದ. ತೋಳು ಸರಿಯಾಗಿ ಇಪ್ಪತ್ತನಾಲ್ಕು. ಹೆಂಡತಿಯ ಕಡೆ ನೋಡಿ ಮೀಸೆಯಲ್ಲೇ ನಕ್ಕ.

ಸಂಜೆ ಐದಕ್ಕೆ ನೋಡಿದರೆ ಅಂಗಡಿಯ ಮುಂದೆ ಸಾಲು. ಸಾಲಿನ ತುದಿ ಕಾಣುತ್ತಿರಲಿಲ್ಲ. ಭಾಮೈದ ಫೋನು ಎತ್ತಿ ಹಿಡಿದು ಓಡಿ ಬಂದ. ಹೊಸ ಹಾಡನ್ನು ಕೇಳಿದವರೆಲ್ಲ ಅದರಡಿಯಲ್ಲಿ ಒಂದೇ ಮಾತು ಬರೆದಿದ್ದರು: ಇದನ್ನು ಕೇಳಿದ ಮೇಲೆ ಓಡಿಹೋಗಿ ಹಳೆಯದನ್ನು ನಾಲ್ಕು ಸಲ ಕೇಳಿದೆವು. ಹಳೆಯದನ್ನು ಕೇಳಿದವರ ಲೆಕ್ಕ ಒಂದೇ ದಿನದಲ್ಲಿ ದುಪ್ಪಟ್ಟಾಗಿತ್ತು.

ಸಾಲಿನ ಮೊದಲಿಗೆ ನಿಂತಿದ್ದವರು ಅಂಚೆ ಕಚೇರಿಯ ದೊಡ್ಡ ಮೇಡಂ. ಇದುವರೆಗೆ ಹಾಡಿನ ಗೋಜಿಗೆ ಹೋಗದ ಗಂಭೀರ ಹೆಂಗಸು. ಅಳತೆಗೆ ತೋಳು ಚಾಚಿ, ನಾಚಿಕೊಂಡು, ಮೆಲ್ಲಗೆ ಹೇಳಿದರು.

"ಮೊದಲು ಆ ಚಂದಿರಂದು ಪೂರ್ತಿ ಹಾಡ್ಬಿಡಿ, ಹದಿನೆಂಟೂ ಆಗ್ಲಿ. ಆಮೇಲೆ ತಿರುಗೇ ತಾಯಿ ಹಾಡಿ. ಅದನ್ನ ತಡ್ಕೊಂಡ ಮೇಲೆ ಇದು ಎಷ್ಟು ಹಿತವಾಗಿರುತ್ತೆ ಗೊತ್ತಾ? ಇಲ್ಲಿ ನಿಂತಿರೋರೆಲ್ಲ ಹಾಗೇ ಕೇಳೋಣ ಅಂತಲೇ ಬಂದಿರೋದು."