ಉದ್ದ ಕಾಲಿನ ಲೋಟಗಳು

"ಸಂಜೆ ನಿಮ್ಮನೆಗೆ ಬರ್ತೀನಿ ಕಣ್ರೀ, ಒಂದು ವೈನ್ ಬಾಟ್ಲಿ ತರ್ತೀನಿ" ಎಂದು ಪ್ರೆಸ್ಸಿನ ಯಜಮಾನರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದೇ ತಡ, ಕರಡು ತಿದ್ದುವ ಗುಮಾಸ್ತನ ಎದೆಯೊಳಗೆ ಅಚ್ಚಿನ ಯಂತ್ರ ಓಡತೊಡಗಿತು. ಯಜಮಾನರು ಮೆಚ್ಚಿದರೆ ಪ್ರೆಸ್ಸಿನ ನೆಲಮಾಳಿಗೆ ಬಿಟ್ಟು ಮೇಲಿನ ಮಹಡಿಯ ಕಿಟಕಿ ಪಕ್ಕ ಕೂರಬಹುದು. ಆದರೆ ಮನೆಯಲ್ಲಿದ್ದದ್ದು ಬರೀ ಸ್ಟೀಲು ಲೋಟ.

"ಇದ್ರಲ್ಲಿ ಕೊಟ್ರೆ ಗಂಟಲಲ್ಲಿ ಇಳಿಯಲ್ವಾ?" ಎಂದಳು ಹೆಂಡತಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದ. ಅವನಿಗೂ ಗೊತ್ತಿರಲಿಲ್ಲ.

ರಜೆ ಹಾಕಿ ಗಾಜಿನ ಅಂಗಡಿಗೆ ಓಡಿದ.

"ಕೆಂಪು ವೈನಿಗೋ ಬಿಳಿಗೋ?" ಅಂಗಡಿಯಾಕೆ ಕೇಳಿದಳು.

"ಅದ್ರಲ್ಲೂ ಬಣ್ಣ ಇದ್ಯಾ!" ಗುಮಾಸ್ತನಿಗೆ ಕುತೂಹಲ ಹುಟ್ಟಿತು. ಒಂದು ಲೋಟದೊಳಗೆ ಮೂಗನ್ನೇ ತೂರಿಸಿದ. "ಹೊಟ್ಟೆ ಯಾಕಮ್ಮ ಇಷ್ಟು ದಪ್ಪ?"

"ಕೆಂಪಿನ ಪರಿಮಳ ಬಿಚ್ಕೊಳ್ಳೋಕೆ ಜಾಗ ಬೇಕು. ಅದು ಓಡಿಹೋಗ್ದಿರ್ಲಿ ಅಂತ ಬಾಯಿ ಕಿರಿದು."

"ಈ ಕೊಕ್ಕರೆ ಕಾಲು?"

"ಕೈ ಬಿಸಿ ತಾಗಬಾರ್ದಲ್ಲ. ಮನೆಗಾದ್ರೆ ಮಧ್ಯಮ ಗಾತ್ರದ್ದು ಒಂದೇ ಥರ ಸಾಕು ಸಾರ್."

ಅಷ್ಟರಲ್ಲಿ ಮೇಲಿನ ಮನೆಯ ಹಲ್ಲಿನ ಡಾಕ್ಟರು ಒಳಬಂದರು. ಯಾರ ಬಾಯಿ ತೆರೆದಿದ್ದರೂ ಕೈ ಹಾಕುವುದು ಅವರ ಕಸುಬೂ ಹೌದು, ಸ್ವಭಾವವೂ ಹೌದು.

"ಒಂದೇ ಥರಾನಾ? ಮಾನ ಹೋಗುತ್ತೆ ಕಣಯ್ಯ! ಕೆಂಪಿಗೆ ದಪ್ಪದ್ದು, ಬಿಳಿಗೆ ಸಣ್ಣದ್ದು, ಗುಳ್ಳೆ ಬರೋ ವೈನಿಗೆ ಉದ್ದಂದು. ಆರಾರು ಕಟ್ಟಮ್ಮ!"

ಹದಿನೆಂಟು ಲೋಟ ಮನೆಗೆ ಬಂದವು. ಕಾಲಿನ ಉದ್ದಕ್ಕೆ ಒಂದೂ ಅಡುಗೆಮನೆಯ ಕಪಾಟಿನಲ್ಲಿ ನಿಲ್ಲಲಿಲ್ಲ. ಬೀರು ಖಾಲಿ ಮಾಡಿ, ಸೀರೆಗಳನ್ನೆಲ್ಲ ಮಂಚಕ್ಕೆ ಸುರಿಯಬೇಕಾಯಿತು. ಗುಮಾಸ್ತ ಲೋಟದ ಕಾಲು ಹಿಡಿದು, ಹೊಟ್ಟೆ ತಿರುವಿ ಒರೆಸಿದ್ದೇ, ಮೊದಲನೆಯದು ಲಟಕ್ಕನೆ ಎರಡಾಯಿತು. ಹೊಟ್ಟೆಯನ್ನೇ ಹಿಡಿದು ಒರೆಸಬೇಕೆಂದು ಆಗ ತಿಳಿಯಿತು. ಉಳಿದ ಹದಿನೇಳನ್ನು ಹಸುಗೂಸಿನ ತಲೆ ಒರೆಸಿದಂತೆ ಒರೆಸಿ ಫಳಫಳ ಮಾಡಿದ.

ಸಂಜೆ ಯಜಮಾನರು ಬಾಟ್ಲಿ ಹಿಡಿದು ಬಂದರು. ಗುಮಾಸ್ತ ಹೊಟ್ಟೆ, ಬಾಯಿ, ಕಾಲುಗಳ ಮಹಿಮೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ. ಒರೆಸುವ ಗುಟ್ಟನ್ನೂ ಬಿಡಲಿಲ್ಲ.

ಯಜಮಾನರು ಬಾಯಿ ತೆರೆದು ಕೇಳಿ, ದನಿ ತಗ್ಗಿಸಿದರು. "ನಾನಿದನ್ನ ಒಂದ್ಸಲಾನೂ ಕುಡಿದಿಲ್ರೀ. ಹೊಸ ಬೀಗರು ಕೊಟ್ಟಿದ್ದು. ನೀವು ಓದ್ಕೊಂಡವ್ರು, ಕೇಳಿ ತಿಳ್ಕೊಳ್ಳೋಣ ಅಂತ ಬಂದೆ. ಭಾನುವಾರ ಅವರ ಕಡೆಯ ಎಪ್ಪತ್ತು ಜನ ನಮ್ಮನೆಗೆ ಬರ್ತಾರೆ. ಲೋಟದ ಜವಾಬ್ದಾರಿ ಪೂರ್ತಿ ನಿಮ್ದೇ!"

ಗುಮಾಸ್ತ ಹಿಗ್ಗಿ ಹೀರೇಕಾಯಿಯಾದ. "ಯಾವ ಲೋಟ ತರ್ಬೇಕು ಅಂತ ನಾನೇ ಆರಿಸ್ತೀನಿ ಸಾರ್!"

"ಅದೆಲ್ಲ ನನ್ನ ಹೆಂಡತಿ ಆರ್ಸಿ ತಂದಾಯ್ತು" ಎಂದರು ಯಜಮಾನರು, ಅವನ ಭುಜ ತಟ್ಟಿ. "ಮುರೀದೆ ತೊಳೆದು ಒರೆಸೋರು ಸಿಕ್ಕಿರ್ಲಿಲ್ಲ."